ಓದುಗರು ಕೇಳ್ಯಾರ: ತಿರುಚಿದ ಬೆಳಕು, ಕದ್ರ ಗೊತ್ತಾಗೋ ಕೀಲಿಕೈ

ಹೋದ ಸಂಚಿಕಿಯೊಳಗ ನಾಕು ಸಾಲು ಬರದಿದ್ದೆ, ಹೊಲೋಗ್ರಾಮ್ ಹಾಕಿ ಬೆಳಕಿಗೆ ಬೇಕಾದ ಆಕಾರ ಕೊಟ್ಟು ಅದರ ಮ್ಯಾಲ ಗುಟ್ಟಿನ ಕೀಲಿಕೈ ಕಳಸೂ ಪ್ರಯೋಗ ನಡದಾವ ಅಂತ. ಕೀಲಿಕೈ ಅಂದ್ರ ಇಲ್ಲಿ ಸಂದೇಶ ಮುಚ್ಚಾಕ, ಬಿಚ್ಚಾಕ ಬೇಕಾಗೂ, ಇಬ್ಬರಿಗಷ್ಟ ಗೊತ್ತಿರೂ ಅಂಕಿಗಳ ಸಾಲು. ಅದನ್ನ ಹೊತ್ತೊಯ್ಯೂದು ಫೋಟಾನ್, ಅಂದ್ರ ಬೆಳಕಿನ ಅತಿ ಸಣ್ಣ ತುಣುಕು. ಅಷ್ಟಕ್ಕ ಇಷ್ಟು ಪತ್ರ ಬಂದಾವ. ಈ ಸಲ ಬ್ಯಾರೆ ವಿಷಯ ಎಲ್ಲಾ ಬದಿಗಿಟ್ಟು ಇದಕ್ಕಷ್ಟ ಉತ್ತರ ಕೊಡತೀನಿ. ಒಂದ ನಮೂನಿ ಪ್ರಶ್ನಿ ಇದ್ದವನ್ನ ಕೂಡಿಸೀನಿ, ತಮ್ಮ ಪತ್ರ ಕಾಣಲಿಲ್ಲಂತ ಸಿಟ್ಟಾಗಬ್ಯಾಡ್ರಿ.

ಪ್ರಶ್ನೆ: ಸೆಮಿನಾರಿಗೆ ಇದ ವಿಷಯ ತಗೊಂಡೀನಿ ಸರ್. ಹೊಲೋಗ್ರಾಮ್ ಅಂದ್ರ ಎಟಿಎಂ ಕಾರ್ಡ್ ಮ್ಯಾಲ ಮಿಂಚತೈತಲ್ಲ ಆ ಸ್ಟಿಕ್ಕರ್ ಅಲ್ಲೇನ್ರಿ? ಅದು ಫೋಟಾನನ್ನ ಹೆಂಗ ಕಾಯತೈತಿ?
— ಬಿ.ಎಸ್ಸಿ ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಮೊದಲು ಆ ಸ್ಟಿಕ್ಕರ್ ತಲಿಯಿಂದ ತಗದಬಿಡವಾ. ಕಾರ್ಡಿನ ಮ್ಯಾಲ ಅದನ್ನ ಹಚ್ಚಿದ್ದು ನಕಲಿ ಮಾಡೋರಿಗೆ ತ್ರಾಸ ಆಗಲಿ ಅಂತ. ನಿನ್ನ ವಿಷಯದಾಗ ಹೊಲೋಗ್ರಾಮ್ ಏನನ್ನೂ ಕಾಯೂದಿಲ್ಲ, ಅದರ ಕೆಲಸ ಬೆಳಕಿನ ಮ್ಯಾಲ ಬರಿಯೂದು, ಬರದಿದ್ದನ್ನ ಓದೂದು. ಕಾಯೂ ಕೆಲಸ ಕ್ವಾಂಟಮ್ ನಿಯಮದ್ದು, ಅಂದ್ರ ಫೋಟಾನಿನಂಥಾ ಸಣ್ಣ ತುಣುಕುಗಳ ನಡತಿ ಹೇಳೂ ನಿಯಮದ್ದು. ಇವೆರಡನ್ನ ಕಲಸಿಬಿಟ್ರ ಸೆಮಿನಾರ್ ದಾರಿ ತಪ್ಪತೈತಿ, ನಿಂದಷ್ಟ ಅಲ್ಲ, ಎಷ್ಟೋ ಪೇಪರಿನ ಸುದ್ದಿನೂ ಹಂಗ ತಪ್ಪಿದ್ದು ನೋಡೀನಿ.

ಸಾದಾ ಫೋಟೊದಾಗ ಎಲ್ಲಿ ಎಷ್ಟು ಬೆಳಕು ಬಿತ್ತು ಅನ್ನೂದಷ್ಟ ಉಳಿತೈತಿ, ಬಂದ ಅಲೆ ಆ ಹೊತ್ತಿಗೆ ಏರತಿತ್ತೋ ಇಳಿತಿತ್ತೋ, ಅಂದ್ರ ಅದರ ಫೇಸ್, ಅದು ಕಳದ ಹೋಗತೈತಿ. 1947ರಾಗ ಡೆನಿಸ್ ಗಾಬೋರ್ ಅನ್ನೂ ಹಂಗೇರಿ ಮೂಲದ ವಿಜ್ಞಾನಿ ಇಂಗ್ಲೆಂಡಿನ್ಯಾಗ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಸುಧಾರಿಸಾಕ ಹೊಂಟಾಗ ಇದಕ್ಕೊಂದು ಉಪಾಯ ಹುಡುಕಿದ್ರು: ವಸ್ತುವಿನಿಂದ ಬಂದ ಅಲೆಗೆ ಇನ್ನೊಂದು ಸಪಾಟ ಅಲೆ ಕೂಡಿಸಬೇಕು, ಎರಡೂ ಕೂಡಿದ ಕಡೆ ಫಿಲ್ಮ್ ಮ್ಯಾಲ ಸಣ್ಣಸಣ್ಣ ಕಪ್ಪು-ಬಿಳಿ ಗೆರಿ ಬೀಳತಾವ, ಕಳದ ಹೋಗಬೇಕಾಗಿದ್ದ ಫೇಸ್ ಆ ಗೆರಿಯೊಳಗ ಕುಂತಬಿಡತೈತಿ, ಆಮ್ಯಾಲ ಅದ ಸಪಾಟ ಅಲೆ ಒಂದನ್ನ ಫಿಲ್ಮಿಗೆ ಬಿಟ್ರ ಸಾಕು, ವಸ್ತು ಇಲ್ಲದಿದ್ರೂ ಅದರ ಅಲೆ ಮತ್ತ ಹುಟ್ಟತೈತಿ. 1960ರ ದಶಕದಾಗ ಲೇಸರ್ ಬಂದಮ್ಯಾಲ ಇದು ಸರಿಯಾಗಿ ಕೈಗೆ ಹತ್ತಿತು, 1971ರಾಗ ಗಾಬೋರ್ ಅವರಿಗೆ ನೊಬೆಲ್ ಬಂತು.

ಈಗಿನ ಲ್ಯಾಬಿನ್ಯಾಗ ವಸ್ತುನೂ ಇಲ್ಲ, ಫಿಲ್ಮೂ ಇಲ್ಲ. ನಮಗ ಇಂಥಾ ಆಕಾರದ ಬೆಳಕು ಬೇಕು, ಅದು ಸಪಾಟ ಅಲೆ ಜೋಡಿ ಕೂಡಿದ್ರ ಎಂಥಾ ಗೆರಿ ಬೀಳತಿದ್ವು ಅಂತ ಕಂಪ್ಯೂಟರಿನ್ಯಾಗ ಲೆಕ್ಕ ಹಾಕಿ ಆ ಚಿತ್ರ ಒಂದು ಉಗರಿನಷ್ಟು ಸ್ಕ್ರೀನಿಗೆ ಕಳಸತಾರ. ಸ್ಕ್ರೀನಿನ ಹೆಸರು ಸ್ಪೇಶಿಯಲ್ ಲೈಟ್ ಮಾಡ್ಯುಲೇಟರ್, ಲ್ಯಾಬಿನವರ ಬಾಯಾಗ ಎಸ್‌ಎಲ್‌ಎಂ. ಕೆಲವು ಪ್ರೊಜೆಕ್ಟರಿನೊಳಗ ಇರೂ ಲಿಕ್ವಿಡ್ ಕ್ರಿಸ್ಟಲ್ ಚಿಪ್ಪಿನ ಜಾತಿದ. ಸಾಮಾನ್ಯವಾಗಿ 1920×1080 ಪಿಕ್ಸೆಲ್, ಒಂದೊಂದು ಸುಮಾರು 8 ಮೈಕ್ರೋಮೀಟರ್. ಪ್ರತಿ ಪಿಕ್ಸೆಲ್ ತನ್ನ ಮ್ಯಾಲ ಬಿದ್ದ ಬೆಳಕನ್ನ ಒಂದು ಪೂರ್ತಿ ಅಲೆಯಷ್ಟರ ಒಳಗ ಎಷ್ಟು ಬೇಕೋ ಅಷ್ಟು ತಡ ಮಾಡಿ ವಾಪಸ್ ಬಿಡತೈತಿ.

ಇದರಿಂದ ಹುಟ್ಟಸೂ ಆಕಾರದಾಗ ಹೆಚ್ಚು ಓಡಾಡೂದು ತಿರುಚಿದ ಬೆಳಕು. ಕಿರಣದ ನಡುವನ್ನ ಹಿಡದು ಒಂದು ಸುತ್ತು ಬಂದ್ರ ಫೇಸ್ ಒಂದು ಅಲೆಯಷ್ಟು ಸರದಿರತೈತಿ, ಇಲ್ಲಾ ಎರಡು, ಇಲ್ಲಾ ಮೂರು. ನಟ್ಟನಡು ಫೇಸ್ ಯಾವದು ಅಂತ ಹೇಳಾಕ ಬರೂದಿಲ್ಲಲ್ಲ, ಹಂಗಾಗಿ ಅಲ್ಲಿ ಕತ್ತಲ, ಗ್ವಾಡಿ ಮ್ಯಾಲ ಉಂಗುರ ಕಾಣತೈತಿ. ಇದರ ಹೊಲೋಗ್ರಾಮ್ ಚಿತ್ರ ನೋಡಿದ್ರ ಕೂರಿಗಿ ಹೊಡದ ಹೊಲ ಇದ್ದಂಗ ಐತಿ, ಸಾಲು ಎಲ್ಲಾ ನೆಟ್ಟಗ ಹೋಗ್ಯಾವ, ನಡುಹೊಲದಾಗ ಮಾತ್ರ ಒಂದು ಸಾಲು ಕವಲೊಡದು ಎರಡಾಗೇತಿ. ಮೂರು ಸುತ್ತಿನ ಬೆಳಕು ಬೇಕಂದ್ರ ಅದ ಒಂದು ಸಾಲು ನಾಕಾಗಬೇಕು.

1992ರಾಗ ನೆದರ್ಲೆಂಡ್ಸಿನ ಲೈಡನ್ ಊರಾಗ ಲೆಸ್ ಅಲೆನ್ ಮತ್ತ ಅವರ ಜೋಡಿದಾರರು ಇಂಥಾ ಬೆಳಕಿನ ಒಂದೊಂದು ಫೋಟಾನೂ ಸುತ್ತಿನ ಲೆಕ್ಕಕ್ಕ ತಕ್ಕಂಗ ಕೋನೀಯ ಸಂವೇಗ, ಅಂದ್ರ ಸುತ್ತೂ ವಸ್ತುವಿನ್ಯಾಗ ಇರೂವಂಥಾ ತಿರುಗೂ ರಭಸ, ಹೊತ್ತಿರತೈತಿ ಅಂತ ತೋರಿಸಿದ್ರು. ಒಂದ ಫೋಟಾನಿದ್ರೂ ಅದು ತಿರುಚಿರಾಕ ಬರತೈತಿ. ನಿನ್ನ ಸೆಮಿನಾರಿನ ಜೀವ ಇರೂದು ಇಲ್ಲೇ. ಫೋಟಾನಿನ ಮ್ಯಾಲ ಪೋಲರೈಸೇಶನ್ನಿನಿಂದ, ಅಂದ್ರ ಅಲೆ ಅಲುಗಾಡೂ ದಿಕ್ಕಿನಿಂದ, ಬರದ್ರ ಎರಡ ಅಕ್ಷರ, ಅಡ್ಡ ಇಲ್ಲಾ ಉದ್ದ, ಅಂದ್ರ ಫೋಟಾನಿಗೆ ಒಂದು ಬಿಟ್, ಸೊನ್ನಿ ಇಲ್ಲಾ ಒಂದು. ಸುತ್ತಿನ ಲೆಕ್ಕಕ್ಕ ಆ ಮಿತಿ ಇಲ್ಲ. ಬಲಕ್ಕ ಒಂದು ಸುತ್ತು, ಎರಡು ಸುತ್ತು, ಎಡಕ್ಕ ಒಂದು, ಎರಡು ಅಂತ ನಾಕು ತಗೊಂಡ್ರ ಒಂದು ಫೋಟಾನಿಗೆ ಎರಡು ಬಿಟ್, ಎಂಟು ತಗೊಂಡ್ರ ಮೂರು.

ಓದೂದೂ ಹೊಲೋಗ್ರಾಮಿನಿಂದನ. ಬಲಕ್ಕ ಎರಡು ಸುತ್ತು ತಿರುಚಿ ಬಂದ ಫೋಟಾನಿಗೆ ಎಡಕ್ಕ ಎರಡು ಸುತ್ತಿನ ಹೊಲೋಗ್ರಾಮ್ ಹಿಡದ್ರ ತಿರುಚು ಬಿಚ್ಚಿ ಸಾದಾ ಚುಕ್ಕಿ ಆಗತೈತಿ, ಅದಷ್ಟ ತೆಳು ಫೈಬರಿನೊಳಗ ಹೊಕ್ಕು ಡಿಟೆಕ್ಟರ್ ಟಿಕ್ ಅನ್ನಸತೈತಿ. ಬ್ಯಾರೆ ಸುತ್ತಿಂದು ಹೊಕ್ಕೂದಿಲ್ಲ. ಇದರಾಗ ಒಂದು ಕಿರಿಕಿರಿ ಐತಿ, ಒಂದು ಸಲಕ್ಕ ಒಂದ ಅಕ್ಷರದ ಬಗ್ಗೆ ಕೇಳಾಕ ಆಗೂದು, ಉಳದ ಫೋಟಾನ್ ಎಲ್ಲಾ ಹಾಳು. 2010ರ ಹೊತ್ತಿಗೆ ಮೋಡ್ ಸಾರ್ಟರ್ ಅನ್ನೂದು ಬಂತು, ಸುತ್ತಿನ ಪ್ರಕಾರ ಬೆಳಕನ್ನ ಬ್ಯಾರೆಬ್ಯಾರೆ ಜಾಗಕ್ಕ ಬೀಳಸತೈತಿ, ಎಲ್ಲಾ ಅಕ್ಷರ ಒಂದ ಏಟಿಗೆ ಓದಾಕ ಬರತೈತಿ. ಸೆಮಿನಾರಿನ್ಯಾಗ ಯಾರಾದ್ರೂ ಚುರುಕಿನವರು ಕುಂತಿದ್ರ ಇದನ್ನ ಕೇಳೇ ಕೇಳತಾರ, ತಯಾರಿ ಮಾಡ್ಕೊಂಡ ಹೋಗು.

ಪ್ರಶ್ನೆ: ನಡುವ ಕುಂತ ಕಳ್ಳ ಫೋಟಾನ್ ಹಿಡದು, ನೋಡಿ, ಅಂಥಾದ ಇನ್ನೊಂದು ಮಾಡಿ ಮುಂದ ಬಿಟ್ರ ಯಾರಿಗೆ ಗೊತ್ತಾಗತೈತಿ? ನಮ್ಮ ಕೌಂಟರಿನ್ಯಾಗ ಇಂಥಾ ಆಟ ದಿನಾ ನೋಡತೀವಿ.
— ಬ್ಯಾಂಕ್ ನೌಕರ, ಟಿಳಕವಾಡಿ, ಬೆಳಗಾವಿ

ಉತ್ತರ: ಬಂದ ಪತ್ರದಾಗೆಲ್ಲಾ ಛಲೋ ಪ್ರಶ್ನಿ ಇದ. ಬರೇ ಸುತ್ತಿನ ನಾಕು ಅಕ್ಷರ ಬಳಸಿದ್ರ ನೀವು ಹೇಳಿದ್ದು ಖರೇನ ಆಗತಿತ್ತು, ಕಳ್ಳಗ ಯಾವ ಅಡ್ಡಿನೂ ಇರತಿರಲಿಲ್ಲ. ಅದಕ್ಕ ಎರಡು ಪಟ್ಟಿ ಇಟ್ಕೋತಾರ. ಒಂದನೇ ಪಟ್ಟಿ ಶುದ್ಧ ಸುತ್ತಿನ ನಾಕು ಅಕ್ಷರ. ಎರಡನೇದರಾಗೂ ನಾಕ, ಆದ್ರ ಪ್ರತಿಯೊಂದೂ ಮೊದಲಿನ ನಾಕನ್ನೂ ಸಮಪಾಲು ಬೆರಸಿದ್ದು, ಬೆರಸೂವಾಗ ಫೇಸ್ ಹಿಂದಮುಂದ ಮಾಡಿದ್ದು. ಹೊಲೋಗ್ರಾಮ್ ಬೇಕಾಗೂದು ಅದಕ್ಕ, ಇಂಥಾ ಬೆರಕಿ ಆಕಾರ ಬ್ಯಾರೆ ಉಪಾಯದಿಂದ ಮಾಡೂದು ಭಾಳ ತ್ರಾಸ, ಎಸ್‌ಎಲ್‌ಎಂ ಮ್ಯಾಲ ಚಿತ್ರ ಬದಲಿಸಿದ್ರ ಮುಗೀತು. ಒಂದನೇ ಪಟ್ಟಿಯ ಫೋಟಾನನ್ನ ಎರಡನೇ ಪಟ್ಟಿಯ ಹೊಲೋಗ್ರಾಮಿನಿಂದ ಅಳದ್ರ ಬರೂ ಉತ್ತರ ಬರೇ ಲಾಟರಿ, ಮ್ಯಾಲ ಫೋಟಾನಿನ ಹಳೇ ಆಕಾರನೂ ಅಳಿಸಿ ಹೋಗತೈತಿ.

ಕಳಸಾಂವ ಪ್ರತಿ ಫೋಟಾನಿಗೆ ಪಟ್ಟಿ ಮನಸಿಗೆ ಬಂದಂಗ ಆರಸತಾನ, ತಗೊಳ್ಳಾಂವನೂ ಹಂಗ. ಎಲ್ಲಾ ಮುಗದಮ್ಯಾಲ ಸಾದಾ ಫೋನಿನ್ಯಾಗ ಪಟ್ಟಿ ಯಾವದು ಅಂತಷ್ಟ ಹೇಳ್ಕೋತಾರ, ಅಕ್ಷರ ಹೇಳೂದಿಲ್ಲ. ಪಟ್ಟಿ ಕೂಡಿದವನ್ನ ಇಟ್ಕೊಂಡು ಉಳದವನ್ನ ಚೆಲ್ಲತಾರ. ಈಗ ನಿಮ್ಮ ಕಳ್ಳಗ ಫೋಟಾನ್ ಹೋಗೂ ಹೊತ್ತಿನ್ಯಾಗ ಪಟ್ಟಿ ಗೊತ್ತಿರೂದಿಲ್ಲ, ಅರ್ಧ ಸಲ ತಪ್ಪು ಪಟ್ಟಿ ಹಿಡಿತಾನ, ತಪ್ಪು ಹಿಡದಾಗೆಲ್ಲಾ ಅಂವ ಮುಂದ ಬಿಟ್ಟ ಫೋಟಾನ್ ನಾಕರಾಗ ಮೂರು ಸಲ ತಪ್ಪು ಅಕ್ಷರ ಕೊಡತೈತಿ, ಗುಣಿಸಿದ್ರ 37.5 ಪ್ರತಿಶತ ತಪ್ಪು. ಎರಡ ಅಕ್ಷರದ ಪದ್ಧತಿಯೊಳಗಾದ್ರ ಇದು 25 ಪ್ರತಿಶತ. ಇಬ್ಬರೂ ಒಂದಿಷ್ಟು ಅಕ್ಷರ ಬಹಿರಂಗ ಮಾಡಿ ಒಂದಕ್ಕೊಂದು ತಾಳೆ ಹಾಕಿ ನೋಡತಾರ, ತಪ್ಪು ಮಿತಿ ಮೀರಿದ್ರ ಆ ಕೀಲಿಕೈ ಪೂರ್ತಿ ಬಿಸಾಕತಾರ. ಹೋಗಿದ್ದು ಬರೇ ಕೀಲಿಕೈ, ಖರೆ ಸಂದೇಶ ಇನ್ನಾ ಕಳಿಸೇ ಇಲ್ಲ, ಹಂಗಾಗಿ ನಷ್ಟ ಇಲ್ಲ. ಆ ಮಿತಿನೂ ಆಕಾರದಿಂದ ಹೆಚ್ಚಾಗತೈತಿ: ಎರಡು ಅಕ್ಷರಕ್ಕ 11 ಪ್ರತಿಶತ ತಪ್ಪಿನ ತನಕ ಕೀಲಿಕೈ ಉಳಸ್ಕೋಬಹುದು, ನಾಕು ಅಕ್ಷರಕ್ಕ ಸುಮಾರು 18.9ರ ತನಕ. ನನ್ನ ಕೇಳಿದ್ರ ಫೋಟಾನಿಗೆ ಎರಡು ಬಿಟ್ ಅನ್ನೂದಕ್ಕಿಂತ ಇದ ದೊಡ್ಡ ಲಾಭ, ಯಾಕಂದ್ರ ಖರೆ ಜಗತ್ತಿನ್ಯಾಗ ಕಳ್ಳ ಇರದಿದ್ರೂ ಗದ್ದಲ ಇದ್ದ ಇರತೈತಿ.

ಅಳಿಯದ ಸುಮ್ನ ಒಂದು ಝೆರಾಕ್ಸ್ ತಗೊಂಡ್ರ? ಅದೂ ಆಗೂದಿಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ತದ್ರೂಪ ನಕಲು ಮಾಡೂ ಯಂತ್ರ ಇರಾಕ ಸಾಧ್ಯ ಇಲ್ಲಂತ 1982ರಾಗ ವೂಟರ್ಸ್ ಮತ್ತ ಝುರೆಕ್, ಅದ ವರ್ಷ ಬ್ಯಾರೆಯಾಗಿ ಡೀಕ್ಸ್ ಸಾಬೀತ ಮಾಡ್ಯಾರ.

ಈ ಎರಡು ಪಟ್ಟಿಯ ಉಪಾಯ ಚಾರ್ಲ್ಸ್ ಬೆನೆಟ್ ಮತ್ತ ಜಿಲ್ ಬ್ರಾಸಾರ್ ಅವರದು, ಜಗತ್ತೆಲ್ಲಾ ಬಿಬಿ84 ಅಂತ ಕರಿತೈತಿ. 1984ರ ಡಿಸೆಂಬರಿನ್ಯಾಗ ಆ ಪೇಪರ್ ಮಂಡಿಸಿದ್ದು ಎಲ್ಲಿ ಗೊತ್ತೈತೇನ್ರಿ, ನಮ್ಮ ಬೆಂಗಳೂರಿನ್ಯಾಗ, ಒಂದು ಅಂತರರಾಷ್ಟ್ರೀಯ ಕಂಪ್ಯೂಟರ್ ಸಮ್ಮೇಳನದಾಗ. 1989ರಾಗ ಮೊದಲ ಯಂತ್ರ ಕಟ್ಟಿದಾಗ ಫೋಟಾನ್ ಓಡಿದ್ದು ಸುಮಾರು 30 ಸೆಂಟಿಮೀಟರ್, ಅದರಾಗೂ ಪೋಲರೈಸೇಶನ್ ಬದಲಾದಂಗ ಅದರ ಪವರ್ ಸಪ್ಲೈ ಬ್ಯಾರೆಬ್ಯಾರೆ ಸಪ್ಪಳ ಮಾಡತಿತ್ತು, ಕಿವಿ ಕೇಳದ ಕಳ್ಳನ ಮುಂದ ಮಾತ್ರ ಇದು ಭದ್ರ ಅಂತ ಬ್ರಾಸಾರ್ ಅವರ ಆಮ್ಯಾಲ ಚಾಷ್ಟಿ ಮಾಡ್ಯಾರ.

ಚಾಷ್ಟಿ ಅಂತ ಬಿಡಬ್ಯಾಡ್ರಿ. ನಿಯಮ ಮುರಿಯಾಕ ಬರದಿದ್ರೂ ಡಬ್ಬಿ ಮುರಿಯಾಕ ಬರತೈತಿ. 2010ರಾಗ ಮಾರುಕಟ್ಟೆಯೊಳಗ ಇದ್ದ ಕ್ವಾಂಟಮ್ ಕೀ ಯಂತ್ರಗಳ ಡಿಟೆಕ್ಟರಿಗೆ ಜೋರು ಬೆಳಕು ಬಿಟ್ಟು ಕುರುಡ ಮಾಡಿ, ಸಿಕ್ಕಿಬೀಳದಂಗ ಕೀಲಿಕೈ ಕದಿಯಾಕ ಬರತೈತಂತ ಸಂಶೋಧಕರು ತೋರಿಸಿದ್ರು. ಆಮ್ಯಾಲ, ಫೋನಿನ ಆ ಕಡೆ ಮಾತಾಡಾಂವ ಖರೆ ಮನಿಷ್ಯಾನೋ ಅಲ್ಲೋ ಅಂತ ಖಾತ್ರಿ ಮಾಡೂ ಕೆಲಸ ಫೋಟಾನಿಂದಲ್ಲ, ಅದಕ್ಕ ಮೊದಲ ಒಂದು ಸಣ್ಣ ಗುಟ್ಟು ಇಬ್ಬರ ಹತ್ರ ಇರಬೇಕು. ಬ್ಯಾಂಕಿನವರಿಗೆ ಇದನ್ನ ಬಿಡಿಸಿ ಹೇಳೂದು ಬೇಕಿಲ್ಲ.

ಪ್ರಶ್ನೆ: ನಾನು ಇಂಟರ್ನೆಟ್ ಕೇಬಲ್ ಎಳಿಯೂ ಕೆಲಸ ಮಾಡತೀನಿ. ಈ ತಿರುಚಿದ ಬೆಳಕು ನಾವು ಕಂಬದ ಮ್ಯಾಲ ಎಳದಿರೂ ಫೈಬರಿನ್ಯಾಗ ಹೋಗತೈತೇನ್ರಿ?
— ಗೋಕಾಕ

ಉತ್ತರ: ಹೋಗೂದಿಲ್ಲ ಅಣ್ಣಾ. ನೀವು ಎಳಿಯೂದು ಸಿಂಗಲ್ ಮೋಡ್, ಬೆಳಕು ಹಾಯೂ ಒಳಗಿನ ಗಾಜಿನ ಎಳಿ, ಅಂದ್ರ ಕೋರ್, 9 ಮೈಕ್ರೋಮೀಟರಿನ ಆಸುಪಾಸು, ಅದು ಒಂದ ಆಕಾರದ ಬೆಳಕನ್ನ ಒಳಗ ಬಿಟ್ಕೋತೈತಿ, ನಡುವ ಕತ್ತಲ ಇರೂ ಉಂಗುರಕ್ಕ ಅಲ್ಲಿ ಜಾಗ ಇಲ್ಲ. ದಪ್ಪ ಕೋರಿನ ಮಲ್ಟಿಮೋಡ್ ಹಾಕಿದ್ರ ಹೊಕ್ಕತೈತಿ ಖರೆ, ಆದ್ರ ಕೇಬಲ್ ಎಲ್ಲಿ ಬಾಗೈತೋ ಅಲ್ಲಿ ಒಂದು ಸುತ್ತಿಂದು ಇನ್ನೊಂದರಾಗ ಕಲಿತೈತಿ, ಆ ತುದಿಗೆ ಬಂದಾಗ ಅಕ್ಷರ ಎಲ್ಲಾ ಚಿತ್ರಾನ್ನ. ಇದಕ್ಕಂತ ಉಂಗುರದಂಥಾ ಕೋರ್ ಇರೂ ವಿಶೇಷ ಫೈಬರ್ ಮಾಡ್ಯಾರ, 2013ರಾಗ 1.1 ಕಿಲೋಮೀಟರ್ ತಿರುಚಿದ ಬೆಳಕು ಹಾಯಿಸಿ ತೋರಿಸ್ಯಾರ. ಅಂದ್ರ ಹೊಸಾ ಕೇಬಲ್ ಹೂಳಬೇಕು, ಯಾರು ಹೂಳತಾರ?

ಇನ್ನೊಂದು ಮಾತು, ಇದು ಸಾದಾ ಆಕಾರದ ಫೋಟಾನಿಗೂ ಅನ್ವಯ ಆಗತೈತಿ. ಫೈಬರ್ ತಪಾಸು ಮಾಡೂ ಓಟಿಡಿಆರ್ ಯಂತ್ರ ಹಚ್ಚಿದಾಗ ಬೆಳಕಿನ ನಷ್ಟ ಕಿಲೋಮೀಟರಿಗೆ 0.2 ಡಿಬಿ (ಡೆಸಿಬೆಲ್) ತೋರಸತೈತಲ್ಲ, ಜೋಡಣಿ (ಸ್ಪ್ಲೈಸ್) ನಷ್ಟ ಎಲ್ಲಾ ಒತ್ತಟ್ಟಿಗಿಟ್ರೂ 100 ಕಿಲೋಮೀಟರಿಗೆ 20 ಡಿಬಿ, ಅಂದ್ರ ನೂರು ಫೋಟಾನಿನ್ಯಾಗ ಒಂದು ಮುಟ್ಟತೈತಿ. 200 ಕಿಲೋಮೀಟರ್, ಬೆಳಗಾವಿಯಿಂದ ವಿಜಯಪುರದಷ್ಟು ಅನ್ರಿ, ಹತ್ತು ಸಾವಿರಕ್ಕ ಒಂದು. ನಡುವ ಆಂಪ್ಲಿಫಯರ್ ಇಡೂ ಹಂಗಿಲ್ಲ, ಆಂಪ್ಲಿಫಯರ್ ಮಾಡೂದ ನಕಲು, ನಕಲು ಆಗೂದಿಲ್ಲಂತ ಮ್ಯಾಲೆ ಹೇಳೀನಿ. ಅದಕ್ಕ ಚೀನಾದ ಬೀಜಿಂಗ್–ಶಾಂಘೈ 2000 ಕಿಲೋಮೀಟರ್ ಲೈನಿನ್ಯಾಗ ನಡುನಡುವ ನಂಬಿಗಸ್ತ ಠಾಣೆ ಇಟ್ಟಾರ, ಅಲ್ಲಿ ಕೀಲಿಕೈ ಒಮ್ಮೆ ಬಿಚ್ಚಿ ಮತ್ತ ಕಟ್ಟತಾರ, ಆ ಠಾಣೆಯೊಳಗಿನವರನ್ನ ನಂಬಬೇಕು. ನಮ್ಮಲ್ಲಿ 2022ರ ಫೆಬ್ರವರಿಯೊಳಗ ಡಿಆರ್‌ಡಿಒ ಮತ್ತ ದೆಹಲಿ ಐಐಟಿಯವರು ಪ್ರಯಾಗರಾಜದಿಂದ ವಿಂಧ್ಯಾಚಲಕ್ಕ 100 ಕಿಲೋಮೀಟರಿಗಿಂತ ಹೆಚ್ಚು ದೂರ, ಮೊದಲ ಹಾಕಿದ್ದ ಸಾದಾ ಫೈಬರಿನ್ಯಾಗನ ಕ್ವಾಂಟಮ್ ಕೀ ಕಳಿಸಿದ್ರು. ತಿರುಚಿದ ಬೆಳಕಲ್ಲ ಅದು. ನಿಮ್ಮ ಕೇಬಲಿಗೆ ಕೆಲಸ ಸಿಕ್ರ ಅಂಥಾದರಾಗ ಸಿಗತೈತಿ.

ಪ್ರಶ್ನೆ: ಫೈಬರ್ ಬ್ಯಾಡ ಅಂದ್ರ ಗಾಳಿಯೊಳಗ ಬಿಡ್ರಿ. ಊರಿನ ಈ ಮಗ್ಗಲ ಗೋಳಗುಮ್ಮಟ, ಆ ಮಗ್ಗಲ ಇಬ್ರಾಹಿಂ ರೋಜಾ, ನಡುವ ಬರೇ ಬಯಲು ಆಕಾಶ. ಒಂದರ ಮ್ಯಾಲಿಂದ ಇನ್ನೊಂದಕ್ಕ ಕಳಸಾಕ ಆಗೂದಿಲ್ಲೇನು?
— ಹೈಸ್ಕೂಲ್ ಮಾಸ್ತರ, ವಿಜಯಪುರ

ಉತ್ತರ: ಮಾಸ್ತರ, ಪುರಾತತ್ವ ಇಲಾಖೆಯವರು ಗುಮ್ಮಟದ ಮ್ಯಾಲ ದುರ್ಬೀನು ಇಡಾಕ ಬಿಟ್ರು ಅಂತ ತಿಳಕೊಂಡು ಮುಂದ ಹೋಗೂಣು. ಇಂಥಾ ಪ್ರಯೋಗ ಖರೇನ ಆಗ್ಯಾವ. ವಿಯೆನ್ನಾ ಊರಿನ ಮ್ಯಾಲ 3 ಕಿಲೋಮೀಟರ್ ತಿರುಚಿದ ಬೆಳಕು ಬಿಟ್ಟು 2014ರಾಗ ವರದಿ ಮಾಡಿದ್ರು, ಆ ಕಡೆ ಬಿದ್ದ ಚಿತ್ರ ಯಾವ ಅಕ್ಷರದ್ದು ಅಂತ ಗುರುತಿಸಾಕ ಕಂಪ್ಯೂಟರಿಗೆ ಕಲಿಸಿದ್ರು. ಅದ ಗುಂಪಿನವರು 2016ರಾಗ ಕೆನರಿ ದ್ವೀಪದಾಗ ಲಾ ಪಾಲ್ಮಾದಿಂದ ಟೆನೆರಿಫ್‌ಗೆ 143 ಕಿಲೋಮೀಟರ್ ಮುಟ್ಟಿಸಿದ್ರು. ಆದ್ರ ಎರಡೂ ಜೋರು ಲೇಸರಿನವು, ಒಂಟಿ ಫೋಟಾನಿನ ಕೀಲಿಕೈ ಅಲ್ಲ. ಒಂಟಿ ಫೋಟಾನಿಂದ, ನಾಕು ಅಕ್ಷರದ ಕೀಲಿಕೈ ಊರಿನ ಗಾಳಿಯೊಳಗ ಕಳಿಸಿದ್ದು ಕೆನಡಾದ ಒಟ್ಟಾವಾದವರು, 2017ರಾಗ, ಎರಡು ಕಟ್ಟಡದ ಮಾಳಿಗಿ ನಡುವ, ದೂರ 300 ಮೀಟರ್. ನಿಮ್ಮ ರೋಜಾ ಅದಕ್ಕಿಂತ ಎಷ್ಟೋ ಪಟ್ಟು ದೂರ ಐತಿ.

ಅಡ್ಡಿ ಮಾಡೂದು ಬಿಸಲು. ಗಾಳಿ ಒಂದು ಡಿಗ್ರಿ ಬಿಸಿ ಆದ್ರ ಅದರ ವಕ್ರೀಭವನ ಸೂಚ್ಯಂಕ, ಅಂದ್ರ ಬೆಳಕನ್ನ ಎಷ್ಟು ನಿಧಾನ ಮಾಡತೈತಿ ಅನ್ನೂ ಲೆಕ್ಕ, ಹತ್ತು ಲಕ್ಷದಾಗ ಒಂದು ಪಾಲು ಇಳಿತೈತಿ, ಏನೂ ಅಲ್ಲ ಅನಸತೈತಿ, ಆದ್ರ ಒಂದು ಕಿಲೋಮೀಟರ್ ಉದ್ದಕ್ಕ ಲೆಕ್ಕ ಹಾಕ್ರಿ, ಒಂದು ಮಿಲಿಮೀಟರ್ ವ್ಯತ್ಯಾಸ, ಬೆಳಕಿನ ಅಲೆ ಇರೂದ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ಸಣ್ಣದು. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಎರಿ ಭೂಮಿ ಮ್ಯಾಲ ಗಾಳಿ ಕುಣಿಯೂದು ಬರೇ ಕಣ್ಣಿಗೆ ಕಾಣತೈತಿ, ಅದರಾಗ ಕಿರಣದ ಎಡಪಾಲಿಗೆ ಒಂದು ತಡ, ಬಲಪಾಲಿಗೆ ಇನ್ನೊಂದು, ಎರಡು ಸುತ್ತಿಂದು ಹೋಗಿ ಒಂದೂ ಮೂರೂ ಬೆರತ ಬರತೈತಿ. ಕಳ್ಳ ಮಾಡಿದ ತಪ್ಪು ಯಾವದು, ಬಿಸಲು ಮಾಡಿದ್ದು ಯಾವದು ಅಂತ ಬ್ಯಾರೆ ಮಾಡಾಕ ಬರೂದಿಲ್ಲ, ನಿಯಮದ ಪ್ರಕಾರ ಎಲ್ಲಾ ತಪ್ಪೂ ಕಳ್ಳಂದ ಅಂತ ಹಿಡಿಬೇಕು. ಪೋಲರೈಸೇಶನ್ನಿಗೆ ಗಾಳಿಯಿಂದ ಇಷ್ಟು ಪೆಟ್ಟಿಲ್ಲ. ಅದಕ್ಕ 2016ರಾಗ ಹಾರಿದ ಚೀನಾದ ಮಿಸಿಯಸ್ ಉಪಗ್ರಹ ಪೋಲರೈಸೇಶನ್ ನಂಬಿಕೊಂಡ 1200 ಕಿಲೋಮೀಟರಿನ ತನಕ ಕೀಲಿಕೈ ಇಳಿಸಿತು.

ಹೊತ್ತು ಹುಟ್ಟೂ ಮುಂದ, ಮುಳಗೂ ಹೊತ್ತಿಗೆ ನೆಲ-ಗಾಳಿ ಬಿಸಿ ಸರಿಸಮ ಆಗಿ ಸ್ವಲ್ಪ ಹೊತ್ತು ಗಾಳಿ ಕುಣಿಯೂದು ಕಡಿಮಿ ಆಗತೈತಿ, ಪ್ರಯೋಗಕ್ಕ ಅದ ಸರಿಯಾದ ಹೊತ್ತು. ಗಾಳಿ ಮಾಡಿದ ಸೊಟ್ಟನ್ನ ಅಳದು ಹೊಲೋಗ್ರಾಮಿನಿಂದನ ತಿದ್ದಬಹುದಲ್ಲ ಅಂದ್ರ, ಬಹುದು, ಆದ್ರ ಲಿಕ್ವಿಡ್ ಕ್ರಿಸ್ಟಲ್ ಸೋಮಾರಿ, ಬಹಳಷ್ಟು ಎಸ್‌ಎಲ್‌ಎಂ ಸೆಕೆಂಡಿಗೆ 60 ಸಲ ಚಿತ್ರ ಬದಲಿಸತಾವ, ಗಾಳಿ ಅದಕ್ಕಿಂತ ಎಷ್ಟೋ ಜೋರ ಬದಲಾಗತೈತಿ. ಸಣ್ಣ ಕನ್ನಡಿಗಳ ಡಿಎಂಡಿ ಚಿಪ್ಪು ಸೆಕೆಂಡಿಗೆ ಸಾವಿರಾರು ಸಲ ಹೊಳ್ಳತೈತಿ, ಅದರಾಗ ಹೆಚ್ಚಿನ ಬೆಳಕು ಪೋಲು. ಕಳಸೂ ಕಡೆ ಬೆಳಕು ಹೆಂಗಿದ್ರೂ ಕಡಿಮಿ ಮಾಡಬೇಕು, ಪೋಲಾದ್ರ ನಡಿತೈತಿ, ತಗೊಳ್ಳೂ ಕಡೆ ನಡಿಯೂದಿಲ್ಲ. ಪೋಲರೈಸೇಶನ್ ಮತ್ತ ಟೈಮಿಂಗ್ ಬಳಸೂ ಯಂತ್ರ ಸೆಕೆಂಡಿಗೆ ನೂರು ಕೋಟಿ ಸಲ ಅಕ್ಷರ ಬದಲಿಸೂ ಕಾಲದಾಗ ಈ 60 ಅನ್ನೂದು ಮರ್ಯಾದಿ ತಗಿಯೂ ಸಂಖ್ಯೆ. ಆಕಾರದ ಬೆಳಕು ಚಂದ ಐತಿ, ಲೆಕ್ಕದಾಗ ಬಲ ಐತಿ, ಆದ್ರ ಈ ವೇಗ ಸುಧಾರಿಸದ ಹೊರತು ಅದು ಲ್ಯಾಬಿನ ಟೇಬಲ್ ಬಿಟ್ಟು ಭಾಳ ದೂರ ಹೋಗೂದು ಕಷ್ಟ ಅಂತ ನನಗ ಅನಸತೈತಿ.

ಪ್ರಶ್ನೆ: ಮಗಳು ಫಿಜಿಕ್ಸ್ ಓದತಾಳ. ಇದರಾಗ ಮುಂದ ದಾರಿ ಐತೇನ್ರಿ?
— ಪಾಲಕರು, ಸಿಂದಗಿ

ಉತ್ತರ: ಐತಿ. ಕೇಂದ್ರ ಸರ್ಕಾರ 2023ರ ಏಪ್ರಿಲಿನ್ಯಾಗ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6003.65 ಕೋಟಿ ರೂಪಾಯಿ ಒಪ್ಪಿಗಿ ಕೊಟ್ಟೈತಿ, 2031ರ ತನಕ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿ ಎರಡೂ ಕಡೆ ಈ ಕೆಲಸ ನಡದೈತಿ. ಎಂ.ಎಸ್ಸಿಯೊಳಗ ಆಪ್ಟಿಕ್ಸ್ ತಗೊಳ್ಳಾಕ ಹೇಳ್ರಿ, ಪ್ರಾಕ್ಟಿಕಲ್ ತಪ್ಪಿಸಬಾರದು ಅಂತನೂ ಹೇಳ್ರಿ.

ಪ್ರಶ್ನೆ: ನಮ್ಮ ಸೌಹಾರ್ದ ಸೊಸೈಟಿಗೆ ಒಬ್ಬ ಏಜೆಂಟ್ ಬಂದು ಕ್ವಾಂಟಮ್ ಸೆಕ್ಯೂರಿಟಿ ಆ್ಯಪ್ ಹಾಕ್ಸಿರಿ, ಯಾರೂ ಹ್ಯಾಕ್ ಮಾಡಾಕ ಆಗೂದಿಲ್ಲ ಅನ್ನಾಕತ್ಯಾನ. ಏನ್ ಮಾಡೂಣು?
— ಕಾರ್ಯದರ್ಶಿ, ಮುಧೋಳ

ಉತ್ತರ: ಇಷ್ಟೊತ್ತನ ಬರದಿದ್ದೆಲ್ಲಾ ಲೇಸರ್, ಡಿಟೆಕ್ಟರ್ ಬೇಕಾಗೂ ಕೆಲಸ, ಮೊಬೈಲಿನ್ಯಾಗ ಇಳಿಸ್ಕೊಳ್ಳೂ ವಸ್ತು ಅಲ್ಲ. ಅಂವ ಹೇಳೂದು ಪೋಸ್ಟ್-ಕ್ವಾಂಟಮ್ ಇರಬಹುದು, ಅದು ಬರೇ ಗಣಿತ, ಮುಂದ ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಬಂದ್ರೂ ಒಡಿಯಾಕ ಕಷ್ಟ ಆಗೂ ಹೊಸಾ ಗೂಢಲಿಪಿ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟಿನ್ಯಾಗ ಅದರ ಮೊದಲ ಮೂರು ಮಾನದಂಡ ಹೊರಗ ತಂದೈತಿ. ಅವುಗಳಾಗ ಯಾವದು ಐತಿ ನಿನ್ನ ಆ್ಯಪಿನ್ಯಾಗ ಅಂತ ಕೇಳ್ರಿ, ತೊದಲಿದ್ರ ಚಾ ಕುಡಿಸಿ ಕಳಸ್ರಿ. ನಿಮ್ಮ ಮೆಂಬರರ ರೊಕ್ಕ ಹೋಗೂದು ಓಟಿಪಿ ಹೇಳಿ, ಅದಕ್ಕ ಎರಡೂ ಔಷಧ ಅಲ್ಲ.

ಪ್ರಶ್ನೆ: ಎಸ್‌ಎಲ್‌ಎಂ ತಗೊಳ್ಳೂ ತಾಕತ್ತು ನಮಗಿಲ್ಲ. ಹಾಸ್ಟೆಲ್ ರೂಮಿನ್ಯಾಗ ತಿರುಚಿದ ಬೆಳಕು ಮಾಡಾಕ ಬರತೈತೇನ್ರಿ?
— ಇಂಜಿನಿಯರಿಂಗ್ ಹುಡುಗರು, ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಬರತೈತಿ, ಝೆರಾಕ್ಸ್ ಅಂಗಡಿಯೊಳಗ. ಚಿತ್ರದ ಪ್ರತಿ ಬಿಂದುವಿಗೆ ನಡುವಿನಿಂದ ಕೋನ ತಗೀರಿ, ಅದಕ್ಕ ಅಡ್ಡದೂರವನ್ನ ಗೆರಿ ಅಂತರದಿಂದ ಭಾಗಿಸಿ ಎರಡು ಪೈನಿಂದ ಗುಣಿಸಿದ್ದು ಕೂಡಿಸ್ರಿ, ಬಂದದ್ದರ ಕೊಸೈನ್ ಸೊನ್ನಿಗಿಂತ ಹೆಚ್ಚಿದ್ದಲ್ಲಿ ಕಪ್ಪು, ಉಳದಲ್ಲಿ ಖಾಲಿ. ಪೈಥಾನಿನ್ಯಾಗ ಹತ್ತು ಸಾಲು ಸಾಕು, ಕವಲು ತಾನ ಮೂಡತೈತಿ. ಗೆರಿ ಅಂತರ 0.2 ಮಿಲಿಮೀಟರ್ ಇಟ್ಟು ಓಎಚ್‌ಪಿ ಶೀಟ್, ಅಂದ್ರ ಪಾರದರ್ಶಕ ಪ್ಲಾಸ್ಟಿಕ್ ಹಾಳಿ, ಅದರ ಮ್ಯಾಲ ಲೇಸರ್ ಪ್ರಿಂಟ್ ತಗೀರಿ, 1200 ಡಿಪಿಐ ಸಿಕ್ರ ಛಲೋ. 1 ಮಿಲಿವ್ಯಾಟ್ ಒಳಗಿನ ಕೆಂಪು ಪಾಯಿಂಟರ್ ತಗೊಂಡು ಕವಲಿನ ಮ್ಯಾಲ ಬಿಡ್ರಿ, 6 ಮೀಟರ್ ದೂರದ ಗ್ವಾಡಿ ಮ್ಯಾಲ ನಡುವ ಸಾದಾ ಚುಕ್ಕಿ, ಅದರ ಎರಡೂ ಮಗ್ಗಲಿಗೆ ಸುಮಾರು 2 ಸೆಂಟಿಮೀಟರಿಗೆ ಒಂದೊಂದು ಉಂಗುರ ಬೀಳಬೇಕು, ಒಂದು ಬಲಕ್ಕ ತಿರುಚಿದ್ದು, ಇನ್ನೊಂದು ಎಡಕ್ಕ. ಕಿರಣ ಯಾರ ಕಣ್ಣಿಗೂ ಹೋಗಬಾರದು, ಕನ್ನಡಿ ಇದ್ರ ಮುಚ್ಚಿಡ್ರಿ.

ಇದನ್ನ ಕ್ವಾಂಟಮ್ ಪ್ರಯೋಗ ಅಂತ ಫೆಸ್ಟಿನ್ಯಾಗ ಬೋರ್ಡ್ ಹಾಕಬ್ಯಾಡ್ರಿ, ಆ ಪಾಯಿಂಟರಿನಿಂದ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿ ಫೋಟಾನ್ ಹೊಂಡತಾವ, ಒಂಟಿದು ಒಂದೂ ಅಲ್ಲ. ಉಂಗುರ ಒಂದು ಕಡೆ ದಪ್ಪ ಒಂದು ಕಡೆ ತೆಳು ಬಂದ್ರ ಪ್ರಿಂಟಿಂದೇನೂ ತಪ್ಪಲ್ಲ, ಲೇಸರ್ ಕವಲಿನ ನಟ್ಟನಡು ಬಿದ್ದಿಲ್ಲ, ಶೀಟ್ ಅರ್ಧ ಮಿಲಿಮೀಟರ್ ಸರಿಸಿ ನೋಡ್ರಿ.